ಬೇಲಿಯ ಹಸಿರು ಹಾವು ವಿಷದ ಹಾವೇ?



ಮಳೆಗಾಲ ಶುರುವಾಗಿದೆ. ಬೇಲಿ, ಬದು, ನಾಲೆ ಏರಿ ಎಲ್ಲವೂ ಹಸಿರಾಗಿವೆ. ಶಾಲೆ ಬಿಟ್ಟು ಗೆಳೆಯರ ಜೊತೆ ಮನೆಗೆ ಹೋಗುತ್ತಿದ್ದೀರಿ ಎಂದುಕೊಳ್ಳಿ. ಪೊದೆಯಲ್ಲಿ ಒಂದು ಎಳೆ ಬಳ್ಳಿ ಮೆಲ್ಲಗೆ ತೂಗಾಡುತ್ತಿದೆ. ಗಾಳಿಯೇ ಇಲ್ಲ, ಬಳ್ಳಿ ಮಾತ್ರ ಏಕೆ ಅಲ್ಲಾಡುತ್ತಿದೆ? ನಿಂತು ನೋಡಿದರೆ ಆ ಬಳ್ಳಿಗೆ ಎರಡು ಕಣ್ಣುಗಳು!

"ಹಸಿರು ಹಾವು ಕಣ್ರೋ! ಹಣೆಗೇ ಹೊಡೆಯುತ್ತೆ!" ಎಂದು ಒಬ್ಬ ಕೂಗುತ್ತಾನೆ. ಇನ್ನೊಬ್ಬ ಕಲ್ಲು ಎತ್ತಿಕೊಳ್ಳುತ್ತಾನೆ. ದಾರಿಯಲ್ಲಿ ಹೋಗುತ್ತಿದ್ದ ದೊಡ್ಡವರೊಬ್ಬರು ಕೋಲು ಹುಡುಕುತ್ತಾರೆ. ಎರಡು ನಿಮಿಷದಲ್ಲಿ ಹಾವು ಸತ್ತು ರಸ್ತೆಯ ಮೇಲೆ ಬಿದ್ದಿರುತ್ತದೆ. ಇಂಥದ್ದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು.

ಆ ಹಾವು ಯಾರಿಗಾದರೂ ಅಪಾಯ ಮಾಡುತ್ತಿತ್ತೇ? ಹಸಿರು ಬಣ್ಣ ವಿಷದ ಗುರುತೇ? ಈ ಪಾಠದಲ್ಲಿ ಅದನ್ನೇ ನೋಡೋಣ.

ಹಾವಿಗೆ ಒಪ್ಪುವ ನಾಡು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು. ಕಾವೇರಿ ಹರಿಯುವ ಶ್ರೀರಂಗಪಟ್ಟಣದಲ್ಲೂ ಪಕ್ಕದ ಪಾಂಡವಪುರದಲ್ಲೂ ನಾಲೆಯ ನೀರುಂಡ ಭತ್ತ, ಕಬ್ಬಿನ ಗದ್ದೆಗಳಿವೆ. ಕೆ.ಆರ್.ಪೇಟೆಯ ಕಡೆ ಹೇಮಾವತಿ ಹರಿಯುತ್ತದೆ. ನಾಗಮಂಗಲದಲ್ಲಿ ರಾಗಿ ಹೊಲ, ತೆಂಗಿನ ತೋಟ, ಕಲ್ಲುಗುಡ್ಡ, ಕುರುಚಲು ಕಾಡು ಹೆಚ್ಚು. ಮೇಲುಕೋಟೆಯ ಬೆಟ್ಟಗಳಲ್ಲಿ ವನ್ಯಧಾಮವಿದೆ, ಆದಿಚುಂಚನಗಿರಿಯಲ್ಲಿ ನವಿಲುಧಾಮವಿದೆ.

ಗದ್ದೆಯಲ್ಲಿ ಕಪ್ಪೆ, ಕಣಜದಲ್ಲಿ ಇಲಿ, ಬೇಲಿಯಲ್ಲಿ ಓತಿಕ್ಯಾತ. ಇವೆಲ್ಲ ಹಾವುಗಳ ಆಹಾರ. ಆಹಾರ ಇರುವ ಕಡೆ ಹಾವು ಇದ್ದೇ ಇರುತ್ತದೆ. ನಮ್ಮ ಬಯಲು ಸೀಮೆಯ ಬೇಲಿ, ಹುಲ್ಲುಗಳಲ್ಲಿ ಹಸಿರು ಬಣ್ಣದ ಹಾವು ಕಂಡರೆ ಅದು ಹೆಚ್ಚಾಗಿ ಈ ಎರಡರಲ್ಲಿ ಒಂದಾಗಿರುತ್ತದೆ.

ಒಂದು: ಬಳ್ಳಿಯಂಥ ಹಸಿರು ಹಾವು

ಜನ ಸಾಮಾನ್ಯವಾಗಿ 'ಹಸಿರು ಹಾವು' ಎಂದು ಕರೆಯುವುದು ಇದನ್ನೇ. ಗಿಳಿಯ ಬಣ್ಣ. ಮೂರು ನಾಲ್ಕು ಅಡಿ ಉದ್ದವಿದ್ದರೂ ಮೈ ಬೆರಳಿನಷ್ಟೇ ದಪ್ಪ. ಹೊಟ್ಟೆಯ ಎರಡು ಅಂಚಿನಲ್ಲೂ ತೆಳುವಾದ ಹಳದಿ ಗೆರೆ. ತಲೆ ಉದ್ದವಾಗಿ, ಮೂತಿ ಚೂಪಾಗಿರುತ್ತದೆ. ಬಾಲ ಬಹಳ ಉದ್ದ.

ಈ ಹಾವು ಹಗಲಿನಲ್ಲಿ ಓಡಾಡುತ್ತದೆ. ಗಿಡ, ಪೊದೆ, ಬೇಲಿಯೇ ಇದರ ಮನೆ. ಗಾಳಿಗೆ ಬಳ್ಳಿ ತೂಗುವಂತೆ ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಸಾಗುತ್ತದೆ. ಹೀಗಾಗಿ ಓತಿಕ್ಯಾತಕ್ಕೆ ತನ್ನ ಪಕ್ಕದಲ್ಲಿರುವುದು ಹಾವೆಂದು ತಿಳಿಯುವುದೇ ಇಲ್ಲ. ಮೂತಿಯ ಎರಡು ಬದಿಯಲ್ಲೂ ಕಣ್ಣಿನ ಮುಂದೆ ಒಂದು ತೋಡು ಇದೆ. ಇದರಿಂದ ಎರಡು ಕಣ್ಣುಗಳೂ ಮುಂದಿರುವ ಬೇಟೆಯನ್ನು ಒಟ್ಟಿಗೆ ನೋಡಿ ದೂರವನ್ನು ಅಳೆಯಬಲ್ಲವು. ಇದರ ಕಣ್ಣಿನ ಪಾಪೆ ಅಡ್ಡಲಾಗಿ ಮಲಗಿದ ಬೀಗದ ತೂತಿನ ಹಾಗಿರುತ್ತದೆ.

ಹೆದರಿದರೆ ಈ ಹಾವು ಬಾಯಿ ಅಗಲಿಸಿ ಕತ್ತನ್ನು ಉಬ್ಬಿಸುತ್ತದೆ. ಆಗ ಹುರುಪೆಗಳ ನಡುವೆ ಅಡಗಿದ್ದ ಕಪ್ಪು ಬಿಳಿ ಪಟ್ಟೆಗಳು ಹೊರಗೆ ಕಾಣುತ್ತವೆ. ನೋಡಿದವರಿಗೆ ಭಯವಾಗುತ್ತದೆ. ಹಾವಿಗೆ ಬೇಕಾದ್ದೂ ಅದೇ!

ಇದರಲ್ಲಿ ವಿಷವೇ ಇಲ್ಲವೇ? ಇದೆ, ಆದರೆ ಬಹಳ ಸೌಮ್ಯವಾದದ್ದು. ವಿಷದ ಹಲ್ಲುಗಳು ಬಾಯಿಯ ಹಿಂಭಾಗದಲ್ಲಿವೆ. ಓತಿಕ್ಯಾತ, ಕಪ್ಪೆಗಳನ್ನು ಹಿಡಿದು ನುಂಗಲು ಅಷ್ಟು ಸಾಕು. ಮನುಷ್ಯರಿಗೆ ಕಚ್ಚಿದರೆ ಸಾಮಾನ್ಯವಾಗಿ ಸ್ವಲ್ಪ ನೋವು, ಊತ ಬಂದು ಹೋಗುತ್ತದೆ.

ಹಾಗಾದರೆ 'ಹಣೆಗೆ ಹೊಡೆಯುತ್ತದೆ', 'ಕಣ್ಣು ಕುಕ್ಕುತ್ತದೆ' ಎಂಬ ಮಾತು ಬಂದದ್ದು ಹೇಗೆ? ಈ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ತಮಿಳುನಾಡಿನಲ್ಲೂ ಶ್ರೀಲಂಕಾದಲ್ಲೂ ಇದೆ. ಈ ಹಾವುಗಳ ಗುಂಪಿಗೆ ವಿಜ್ಞಾನಿಗಳು ಇಟ್ಟಿರುವ 'ಅಹೇತುಲ್ಲ' ಎಂಬ ಹೆಸರು ಕೂಡ ಶ್ರೀಲಂಕಾದ ಸಿಂಹಳ ಭಾಷೆಯಿಂದ ಬಂದದ್ದೇ. ಅದರ ಅರ್ಥವೂ ಕಣ್ಣು ಕುಕ್ಕುವುದು ಎಂದೇ. ಈ ಹಾವು ಇರುವುದು ನಮ್ಮ ಮುಖದ ಎತ್ತರದ ಕೊಂಬೆಗಳಲ್ಲಿ. ಸೊಪ್ಪು ಕೀಳಲು, ಹೂವು ಬಿಡಿಸಲು ಮುಖವನ್ನು ಎಲೆಗಳ ನಡುವೆ ತೂರಿಸಿದರೆ ಬೆದರಿದ ಹಾವು ಮುಖದ ಕಡೆಗೇ ಬಾಯಿ ಹಾಕೀತು. ನಂಬಿಕೆ ಹುಟ್ಟಲು ಇದೇ ಕಾರಣವಿರಬಹುದು. ಬೇಕೆಂದೇ ಹುಡುಕಿಕೊಂಡು ಬಂದು ಹಣೆಗೆ ಹೊಡೆಯುವ ಹಾವು ಯಾವುದೂ ಇಲ್ಲ.

ನಿಮಗೆ ಗೊತ್ತೇ? ದಕ್ಷಿಣ ಭಾರತದ ಈ ಹಾವುಗಳೆಲ್ಲ ಒಂದೇ ಜಾತಿಯವು ಎಂದು ಬಹಳ ಕಾಲ ತಿಳಿಯಲಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದ ಒಂದು ತಂಡ 2020ರಲ್ಲಿ ಅವು ಹಲವು ಬೇರೆ ಬೇರೆ ಜಾತಿಗಳು ಎಂದು ತೋರಿಸಿತು. ಬಯಲು ನಾಡಿನ ಹಾವಿಗೆ ಈಗ 'ಅಹೇತುಲ್ಲ ಆಕ್ಸಿರಿಂಕ' ಎಂಬ ಹೆಸರಿದೆ. ಬೇಲಿಯಲ್ಲಿ ದಿನವೂ ಕಾಣುವ ಹಾವಿನ ಬಗ್ಗೆಯೂ ಇನ್ನೂ ತಿಳಿಯಬೇಕಾದ್ದು ಉಳಿದಿತ್ತು ನೋಡಿ!

ಎರಡು: ಹುಲ್ಲಿನ ಹಸಿರು ಒಳ್ಳೆ

ಇದು ಮರದ ಹಾವಲ್ಲ, ನೆಲದ ಹಾವು. ಹುಲ್ಲು, ಗದ್ದೆ ಬದುಗಳಲ್ಲಿ ಮಳೆಗಾಲದಲ್ಲಿ ಹೆಚ್ಚು ಕಾಣುತ್ತದೆ. ಸುಮಾರು ಎರಡು ಅಡಿ ಉದ್ದ. ಬಳ್ಳಿ ಹಾವಿಗಿಂತ ಮೈ ದಪ್ಪ, ತಲೆ ಗಿಡ್ಡ, ಮೂತಿ ದುಂಡು. ಹುರುಪೆಗಳ ನಡುವೆ ಸಣ್ಣ ಏಣು ಇರುವುದರಿಂದ ಮೈ ಒರಟಾಗಿ ಕಾಣುತ್ತದೆ. ಮೈಮೇಲೆ ಗುಳ್ಳೆಗಳಿರುವ ನೆಲಗಪ್ಪೆ ಇದಕ್ಕೆ ಬಲು ಇಷ್ಟದ ಊಟ.

ಮರಿಯಾಗಿದ್ದಾಗ ಇದರ ಕತ್ತಿನ ಮೇಲೆ ಇಂಗ್ಲಿಷಿನ 'ವಿ' ಅಕ್ಷರದಂತಹ ಕಪ್ಪು ಗುರುತು, ಅದರ ಹಿಂದೆ ಹಳದಿ ಬಣ್ಣ ಇರುತ್ತದೆ. ಸಾಲದ್ದಕ್ಕೆ, ಹೆದರಿದಾಗ ಈ ಹಾವು ಕತ್ತನ್ನು ಚಪ್ಪಟೆ ಮಾಡಿ ತಲೆ ಎತ್ತುತ್ತದೆ. ನೋಡಿದವರು 'ನಾಗರ ಮರಿ' ಎಂದು ತಿಳಿದು ಹೊಡೆದು ಹಾಕುತ್ತಾರೆ. ತಾನು ಬದುಕಲೆಂದು ಹಾಕಿದ ವೇಷವೇ ಇದರ ಪ್ರಾಣಕ್ಕೆ ಮುಳುವಾಗುತ್ತದೆ.

ಹಸಿರು ಒಳ್ಳೆ ಬಹಳ ಸಾಧು ಹಾವು. ಕಚ್ಚುವುದು ತೀರಾ ಅಪರೂಪ. ಆದರೂ ಇದನ್ನು ಹಿಡಿದು ಆಡಬಾರದು. ಜಪಾನಿನಂಥ ದೇಶಗಳಲ್ಲಿರುವ ಇದರ ನೆಂಟ ಹಾವೊಂದರ ಕಡಿತದಿಂದ ಜನ ಸತ್ತದ್ದೂ ಇದೆ. 'ಅಪಾಯವಿಲ್ಲ' ಎಂದರೆ 'ಮುಟ್ಟಬಹುದು' ಎಂದು ಅರ್ಥವಲ್ಲ. ಇದು ನೆನಪಿರಲಿ.

ಹಸಿರು ವೇಷದ ವಿಷದ ಹಾವು

ನಿಜವಾಗಿ ವಿಷವಿರುವ ಹಸಿರು ಹಾವೂ ಕರ್ನಾಟಕದಲ್ಲಿದೆ. ಅದರ ಹೆಸರು ಬಿದಿರು ಗುಳಿಮಂಡಲ. ಪಶ್ಚಿಮ ಘಟ್ಟ, ಪೂರ್ವ ಘಟ್ಟಗಳ ಬೆಟ್ಟದ ಕಾಡು, ಬಿದಿರು ಮೆಳೆ, ತೊರೆಯ ಬದಿಯ ಪೊದೆಗಳಲ್ಲಿ ಇರುತ್ತದೆ. ಬಯಲಿನ ಗದ್ದೆ ಬದು, ಊರ ಬೇಲಿ ಇದರ ನೆಲೆಯಲ್ಲ. ಆದರೆ ಶಾಲಾ ಪ್ರವಾಸಕ್ಕೆ, ನೆಂಟರ ಮನೆಗೆ ಎಂದು ನೀವು ಕೊಡಗು, ಚಿಕ್ಕಮಗಳೂರು ಕಡೆ ಹೋಗಬಹುದು. ಆಗ ಇದನ್ನು ಗುರುತಿಸಲು ಗೊತ್ತಿರಬೇಕು.

ಗುಳಿಮಂಡಲದ ಮೈ ಗಿಡ್ಡ, ದಪ್ಪ. ಸಾಮಾನ್ಯವಾಗಿ ಎರಡು ಅಡಿ ಉದ್ದ. ತಲೆ ಅಗಲವಾಗಿ ಮುಮ್ಮೂಲೆಯಾಗಿದ್ದು ಕತ್ತು ಸಣ್ಣಗೆ ಬೇರೆಯಾಗಿ ಕಾಣುತ್ತದೆ. ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ನೆಟ್ಟಗೆ ನಿಂತಿರುತ್ತದೆ. ಕಣ್ಣಿಗೂ ಮೂಗಿಗೂ ನಡುವೆ ಒಂದು ಗುಳಿ ಇದೆ. 'ಗುಳಿಮಂಡಲ' ಎಂಬ ಹೆಸರು ಬಂದದ್ದು ಇದರಿಂದಲೇ. ಆ ಗುಳಿ ಮೂಗಲ್ಲ, ಕಿವಿಯೂ ಅಲ್ಲ. ಅದು ಶಾಖವನ್ನು ತಿಳಿಯುವ ಅಂಗ. ಕತ್ತಲಲ್ಲಿ ಹತ್ತಿರ ಬಂದ ಇಲಿಯ ಮೈ ಬಿಸಿಯನ್ನು ಹಾವು ಇದರಿಂದ ಗುರುತಿಸುತ್ತದೆ.

ಈ ಹಾವು ಇರುಳಿನ ಬೇಟೆಗಾರ. ಹಗಲೆಲ್ಲ ಕೊಂಬೆಯ ಮೇಲೆ ಸುರುಳಿ ಸುತ್ತಿ ಅಲುಗಾಡದೆ ಕುಳಿತಿರುತ್ತದೆ. ಹತ್ತಿರ ಹೋದರೂ ಓಡುವುದಿಲ್ಲ. ಹೀಗಾಗಿ ತಿಳಿಯದೆ ಕೊಂಬೆ ಹಿಡಿದವರಿಗೆ ಕಚ್ಚುತ್ತದೆ. ಇದರ ಕಡಿತದಿಂದ ಸಾವು ಬಹಳ ಅಪರೂಪ. ಆದರೆ ತುಂಬಾ ನೋವು, ಊತ ಬರುತ್ತದೆ. ಆಸ್ಪತ್ರೆಗೆ ಹೋಗಲೇಬೇಕು.

ಇದರ ಹತ್ತಿರದ ನೆಂಟ ಮಲಬಾರ್ ಗುಳಿಮಂಡಲ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಹಾವು ಅದು. ಅದರಲ್ಲಿ ಹಸಿರು, ಕಂದು, ಹಳದಿ, ಕಿತ್ತಳೆ ಹೀಗೆ ಹಲವು ಬಣ್ಣದವು ಇವೆ. ಹಾವು ಒಂದೇ, ವಿಷವೂ ಒಂದೇ, ಬಣ್ಣ ಮಾತ್ರ ಹಲವು! ಬಣ್ಣ ವಿಷದ ಗುರುತಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹೋಲಿಸಿ ನೋಡೋಣ

ದೂರದಿಂದಲೇ ಕಾಣುವ ಗುರುತುಗಳು:

1. ಮೈ: ಬಳ್ಳಿ ಹಾವಿನದು ಉದ್ದ, ಬಹಳ ತೆಳು. ಹಸಿರು ಒಳ್ಳೆಯದು ಹದವಾದ ದಪ್ಪ. ಗುಳಿಮಂಡಲದ್ದು ಗಿಡ್ಡ, ದಪ್ಪ.
2. ತಲೆ: ಬಳ್ಳಿ ಹಾವಿನದು ಉದ್ದ, ಮೂತಿ ಚೂಪು. ಹಸಿರು ಒಳ್ಳೆಯದು ಗಿಡ್ಡ, ದುಂಡು. ಗುಳಿಮಂಡಲದ್ದು ಅಗಲ, ಕತ್ತು ಸಣ್ಣ.
3. ಇರುವ ಜಾಗ: ಬಳ್ಳಿ ಹಾವು ಬೇಲಿ, ಗಿಡಗಳಲ್ಲಿ. ಹಸಿರು ಒಳ್ಳೆ ನೆಲದ ಹುಲ್ಲಿನಲ್ಲಿ. ಗುಳಿಮಂಡಲ ಬೆಟ್ಟದ ಕಾಡಿನಲ್ಲಿ.
4. ನಡೆ: ಬಳ್ಳಿ ಹಾವು ಹಗಲಲ್ಲಿ ತೂಗುತ್ತಾ ಹೋಗುತ್ತದೆ. ಹಸಿರು ಒಳ್ಳೆ ಹುಲ್ಲಿನಲ್ಲಿ ಸರಿದು ಹೋಗುತ್ತದೆ. ಗುಳಿಮಂಡಲ ಹಗಲಲ್ಲಿ ಕದಲದೆ ಸುರುಳಿಯಾಗಿ ಕೂರುತ್ತದೆ.

ಚಿತ್ರದಲ್ಲಿ ಮಾತ್ರ ನೋಡಬೇಕಾದ ಗುರುತುಗಳು:

1. ಕಣ್ಣಿನ ಪಾಪೆ: ಬಳ್ಳಿ ಹಾವಿಗೆ ಅಡ್ಡ, ಹಸಿರು ಒಳ್ಳೆಗೆ ದುಂಡು, ಗುಳಿಮಂಡಲಕ್ಕೆ ನೆಟ್ಟಗೆ.
2. ಕಣ್ಣು ಮೂಗಿನ ನಡುವಿನ ಗುಳಿ: ಗುಳಿಮಂಡಲಕ್ಕೆ ಮಾತ್ರ ಇದೆ.

ಈ ಎರಡನ್ನು ಚಿತ್ರದಲ್ಲಿ ಮಾತ್ರ ಏಕೆ ನೋಡಬೇಕು? ಹಾವಿನ ಪಾಪೆ ಕಾಣುವಷ್ಟು ಹತ್ತಿರ ಹೋದರೆ, ಹಾವಿನ ಬಾಯಿಗೆ ಸಿಗುವಷ್ಟು ಹತ್ತಿರವೂ ಹೋಗಿರುತ್ತೇವೆ!

ಈ ಗುರುತುಗಳು ಎಲ್ಲ ಹಾವಿಗೂ ಸಲ್ಲುವುದಿಲ್ಲ

"ತಲೆ ಮುಮ್ಮೂಲೆಯಾಗಿದ್ದರೆ ವಿಷ, ದುಂಡಗಿದ್ದರೆ ವಿಷವಿಲ್ಲ" ಎಂದು ಕೆಲವರು ಹೇಳುತ್ತಾರೆ. "ಪಾಪೆ ನೆಟ್ಟಗಿದ್ದರೆ ಮಾತ್ರ ವಿಷ" ಎನ್ನುವವರೂ ಇದ್ದಾರೆ. ಇದು ತಪ್ಪು. ನಾಗರಹಾವು, ಕಟ್ಟು ಹಾವುಗಳ ತಲೆ ಮುಮ್ಮೂಲೆಯಲ್ಲ, ಪಾಪೆಯೂ ದುಂಡಗೇ ಇರುತ್ತದೆ. ಆದರೂ ಅವು ಪ್ರಾಣ ತೆಗೆಯುವ ವಿಷದ ಹಾವುಗಳು. ಮೇಲೆ ಹೇಳಿದ ಗುರುತುಗಳು ಆ ಮೂರು ಹಸಿರು ಹಾವುಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ. ಬೇರೆ ಹಾವುಗಳಿಗೆ ಈ ಅಳತೆಗೋಲನ್ನು ಹಿಡಿದರೆ ಮೋಸ ಹೋಗುತ್ತೇವೆ.

ನಮ್ಮೂರಿನ ನಿಜವಾದ ಅಪಾಯ ಯಾವುದು?

ನಮ್ಮ ದೇಶದಲ್ಲಿ ಹೆಚ್ಚು ಜನರ ಸಾವಿಗೆ ಕಾರಣವಾಗುವ ಹಾವುಗಳು ನಾಲ್ಕು. ಅವುಗಳಲ್ಲಿ ಒಂದೂ ಹಸಿರಲ್ಲ.

ನಾಗರಹಾವು: ಹೆಡೆ ಬಿಚ್ಚುವ ಹಾವು. ಇಲಿ ಹುಡುಕಿಕೊಂಡು ಹೊಲ, ಮನೆಗಳ ಹತ್ತಿರ ಬರುತ್ತದೆ.

ಕೊಳಕುಮಂಡಲ: ಕಂದು ಮೈಯ ಮೇಲೆ ಮೂರು ಸಾಲು ದೊಡ್ಡ ಕಪ್ಪುಗಂದು ಮಚ್ಚೆಗಳು. ಕಬ್ಬು, ಭತ್ತದ ಗದ್ದೆಗಳಲ್ಲೂ ಇರುತ್ತದೆ. ಕೆಣಕಿದರೆ ಕುಕ್ಕರ್ ಸೀಟಿಯಂತೆ ಜೋರಾಗಿ ಬುಸುಗುಡುತ್ತದೆ.

ಕಟ್ಟು ಹಾವು: ಹೊಳೆಯುವ ಕಪ್ಪು ಮೈ, ತೆಳುವಾದ ಬಿಳಿ ಕಟ್ಟುಗಳು. ಇರುಳಲ್ಲಿ ಮನೆಯೊಳಗೂ ಬರುತ್ತದೆ. ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ಅನೇಕ ವೇಳೆ ನೋವೇ ಗೊತ್ತಾಗುವುದಿಲ್ಲ.

ಗರಗಸಮಂಡಲ: ಕಲ್ಲು, ಕುರುಚಲು ಇರುವ ಒಣನೆಲದ ಚಿಕ್ಕ ಹಾವು. ಮೈ ಹುರುಪೆಗಳನ್ನು ಉಜ್ಜಿ ಗರಗಸದಂತೆ ಸದ್ದು ಮಾಡುತ್ತದೆ.

ಹಾವು ಕಡಿತದ ಬಗ್ಗೆ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ನೋಡಿ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತಿದ್ದಾರೆ. ಅಂದರೆ ವರ್ಷಕ್ಕೆ ಸರಾಸರಿ 58,000 ಜನ. ಇವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರು 15 ವರ್ಷದೊಳಗಿನ ಮಕ್ಕಳು! ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಆಗಿವೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಈಗ ಯೋಚಿಸಿ. ಬೇಲಿಯ ಮೇಲಿನ ಹಸಿರು ಹಾವಿಗೆ ಹೆದರಿ ಕಲ್ಲು ಎತ್ತಿಕೊಳ್ಳುವ ನಾವು, ಇರುಳಲ್ಲಿ ಬರಿಗಾಲಿನಲ್ಲಿ ಗದ್ದೆಗೆ ಹೋಗುತ್ತೇವೆ. ಟಾರ್ಚ್ ಇಲ್ಲದೆ ಹಿತ್ತಲಿಗೆ ಹೋಗುತ್ತೇವೆ. ನೋಡದೆ ಹುಲ್ಲಿನ ಮೆದೆಗೆ, ಸೌದೆ ರಾಶಿಗೆ ಕೈ ಹಾಕುತ್ತೇವೆ. ಹೆದರಬೇಕಾದ್ದಕ್ಕೆ ಹೆದರದೆ, ಹೆದರಬೇಕಿಲ್ಲದ್ದಕ್ಕೆ ಹೆದರಿದಂತಾಯಿತು ಅಲ್ಲವೇ?

ಹಾವು ಕಂಡರೆ ಏನು ಮಾಡಬೇಕು?

ಯಾವ ಹಾವೇ ಆಗಲಿ, ಕನಿಷ್ಠ ಎರಡು ಮಾರು ದೂರ ನಿಲ್ಲಿ. ಒಂದು ಮಾರು ಎಂದರೆ ದೊಡ್ಡವರು ಎರಡು ಕೈ ಚಾಚಿದಷ್ಟು ಉದ್ದ. ಹಾವಿಗೆ ಹೋಗಲು ದಾರಿ ಬಿಡಿ. ಕಲ್ಲು ಹೊಡೆಯಬೇಡಿ, ಕೋಲಿನಿಂದ ಕೆಣಕಬೇಡಿ. ಹಾವನ್ನು ಹೊಡೆಯಲು ಹೋದವರೇ ಕಚ್ಚಿಸಿಕೊಳ್ಳುವುದುಂಟು. ಸತ್ತಂತೆ ಬಿದ್ದಿರುವ ಹಾವನ್ನೂ ಮುಟ್ಟಬೇಡಿ. ಮನೆಯೊಳಗೆ ಬಂದಿದ್ದರೆ ದೊಡ್ಡವರಿಗೆ ಹೇಳಿ. ಅವರು ಅರಣ್ಯ ಇಲಾಖೆಗೋ ತರಬೇತಿ ಇರುವ ಹಾವು ಹಿಡಿಯುವವರಿಗೋ ತಿಳಿಸಲಿ.

ಕಚ್ಚಿದರೆ ಏನು ಮಾಡಬೇಕು?

1. ಹಸಿರು ಹಾವು ಕಚ್ಚಿತೋ ಬೇರೆಯದೋ ಎಂದು ವಾದ ಮಾಡುತ್ತಾ ಹೊತ್ತು ಕಳೆಯಬೇಡಿ. ತಕ್ಷಣ ದೊಡ್ಡವರಿಗೆ ಹೇಳಿ.
2. ಕಚ್ಚಿಸಿಕೊಂಡವರನ್ನು ಓಡಾಡಲು ಬಿಡಬೇಡಿ. ಮೂಳೆ ಮುರಿದಾಗ ಮಾಡುವಂತೆ ಆ ಕೈ ಅಥವಾ ಕಾಲಿಗೆ ಪಟ್ಟಿ ಆನಿಸಿ, ಅಲುಗಾಡದಂತೆ ಇರಿಸಿ.
3. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಊತ ಬಂದರೆ ಅವು ಬಿಗಿಯುತ್ತವೆ.
4. ಹಗ್ಗದಿಂದ ಬಿಗಿಯಾಗಿ ಕಟ್ಟಬೇಡಿ. ಗಾಯ ಕೊಯ್ಯಬೇಡಿ. ಬಾಯಿಯಿಂದ ಹೀರಬೇಡಿ.
5. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಮಂತ್ರ, ನಾಟಿ ಔಷಧ ಎಂದು ಕಾಯಬೇಡಿ.
6. ಹಾವನ್ನು ಹಿಡಿದು ಆಸ್ಪತ್ರೆಗೆ ತರಬೇಕಾಗಿಲ್ಲ. ರೋಗಿಯ ಲಕ್ಷಣ ನೋಡಿ ವೈದ್ಯರು ಚಿಕಿತ್ಸೆ ಕೊಡುತ್ತಾರೆ.

ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಇಂಜೆಕ್ಷನ್ ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೆಂದು ತಯಾರಿಸಿದ್ದು. ವಿಷ ಏರಿದೆಯೇ, ಪ್ರತಿವಿಷ ಬೇಕೇ ಎಂದು ತೀರ್ಮಾನಿಸುವವರು ವೈದ್ಯರೇ.

ಹಸಿರು ಹಾವು ಉಳಿದರೆ ಯಾರಿಗೆ ಲಾಭ?

ಗದ್ದೆಯ ಕೀಟವನ್ನು ಕಪ್ಪೆ ತಿನ್ನುತ್ತದೆ. ಕಪ್ಪೆಯನ್ನು ಹಾವು ತಿನ್ನುತ್ತದೆ. ಹಾವನ್ನು ನವಿಲು, ಮುಂಗುಸಿ, ಹದ್ದು ತಿನ್ನುತ್ತವೆ. ಆದಿಚುಂಚನಗಿರಿಯ ನವಿಲಿಗೂ ನಮ್ಮೂರ ಬೇಲಿಯ ಹಾವಿಗೂ ಹೀಗೆ ಒಂದು ಕೊಂಡಿ ಇದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಉಳಿದವುಗಳಿಗೆ ತೊಂದರೆಯೇ.

ಮುಂದಿನ ಸಲ ಬೇಲಿಯಲ್ಲಿ ಬಳ್ಳಿ ತೂಗಿದರೆ ಎರಡು ಮಾರು ಹಿಂದೆ ಸರಿದು ನಿಂತು ನೋಡಿ. ಕಲ್ಲು ಎತ್ತಿಕೊಂಡ ಗೆಳೆಯನಿಗೆ, "ಬಿಡೋ, ಅದು ಓತಿಕ್ಯಾತ ಹಿಡಿಯೋಕೆ ಬಂದಿದೆ" ಎಂದು ಹೇಳಿ. ಅಷ್ಟರಲ್ಲಿ ಹಾವು ಎಲೆಗಳ ನಡುವೆ ಕಾಣದಂತಾಗಿರುತ್ತದೆ.

ಚಟುವಟಿಕೆ

1. ನಿಮ್ಮ ಊರಿನ ಹಿರಿಯರನ್ನು ಕೇಳಿ, ಅವರಿಗೆ ಗೊತ್ತಿರುವ ಹಾವುಗಳ ಹೆಸರುಗಳನ್ನು ಪಟ್ಟಿ ಮಾಡಿ. ಒಂದೇ ಹಾವಿಗೆ ಎಷ್ಟು ಹೆಸರುಗಳಿವೆ ನೋಡಿ.
2. ಹಾವಿನ ಬಗ್ಗೆ ಕೇಳಿದ ಐದು ನಂಬಿಕೆಗಳನ್ನು ಬರೆಯಿರಿ. ಯಾವುದು ನಿಜ, ಯಾವುದು ತಪ್ಪು ಎಂದು ಶಿಕ್ಷಕರೊಂದಿಗೆ ಚರ್ಚಿಸಿ.
3. ನಿಮ್ಮ ಊರಿಗೆ ಅತಿ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಎಷ್ಟು ಕಿಲೋಮೀಟರ್ ದೂರ ಎಂದು ತಿಳಿದು, ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹಾಕಿ.

ಪ್ರಶ್ನೆಗಳು

1. ಬಳ್ಳಿಯಂಥ ಹಸಿರು ಹಾವಿಗೂ ಬಿದಿರು ಗುಳಿಮಂಡಲಕ್ಕೂ ಇರುವ ಮೂರು ವ್ಯತ್ಯಾಸಗಳನ್ನು ತಿಳಿಸಿ.
2. ಹಸಿರು ಒಳ್ಳೆಯ ಮರಿಯನ್ನು ಜನ ನಾಗರ ಮರಿ ಎಂದು ಏಕೆ ತಿಳಿಯುತ್ತಾರೆ?
3. ಗುಳಿಮಂಡಲದ ಗುಳಿಯ ಉಪಯೋಗವೇನು?
4. ತಲೆಯ ಆಕಾರ ನೋಡಿ ಎಲ್ಲ ವಿಷದ ಹಾವುಗಳನ್ನು ಗುರುತಿಸಬಹುದೇ? ಉದಾಹರಣೆ ಕೊಡಿ.
5. ಹಾವು ಕಚ್ಚಿದಾಗ ಮಾಡಬಾರದ ಮೂರು ಕೆಲಸಗಳು ಯಾವುವು?